ಟ್ಯೂಬಿನ ಮೇಲಿನ ತಾರೀಖು ಕಲಬುರಗಿ ಬಿಸಿಲು ನೋಡಿಲ್ಲ

ಹೋದ ತಿಂಗಳು ಕಿಟಕಿ ಸಂದಿಗೆ ಸೀಲೆಂಟ್, ಅಂದರೆ ಟ್ಯೂಬಿನಿಂದ ಹಿಂಡಿ ಸಂದಿ ಮುಚ್ಚುವ ಸಿಲಿಕೋನಿನಂಥ ಅಂಟು, ಹಚ್ಚುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ ಗೋಳು. ಟ್ಯೂಬು ಒಳಗೇ ಕಲ್ಲಾಯಿತು ಅಂತ ಒಬ್ಬರು, ಹಚ್ಚಿದ್ದು ಒಣಗಲೇ ಇಲ್ಲ ಅಂತ ಇನ್ನೊಬ್ಬರು. ಅದಕ್ಕೇ ಈ ತಿಂಗಳು ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಎಂಜಿನಿಯರ್ ಅಲ್ಲ. ಕಲಬುರಗಿಯಲ್ಲಿ ನಮ್ಮಪ್ಪ ತೆರೆದ ಹಾರ್ಡ್‌ವೇರ್ ಅಂಗಡಿಯ ಗಲ್ಲಾದಲ್ಲಿ 28 ವರ್ಷದಿಂದ ಕೂತವಳು. ಗೌಂಡಿಗಳು, ನಳದವರು, ಬಣ್ಣದವರು ಬೈದು ಕಲಿಸಿದ್ದೇ ನನ್ನ ಓದು.

ಏಪ್ರಿಲ್ ಮೊದಲ ವಾರ ಅಡುಗೆಮನೆ ಸಿಂಕಿನ ಸುತ್ತ ಸಿಲಿಕೋನ್ ಹಚ್ಚಿಸಿದೆವು. ಹತ್ತು ದಿನ ಆಯಿತು, ಇನ್ನೂ ಬೆರಳಿಗೆ ಅಂಟುತ್ತದೆ. ಟ್ಯೂಬಿನ ಮೇಲೆ ನೋಡಿದರೆ ಅವಧಿ ಮುಗಿಯಲು ಮೂರು ತಿಂಗಳು ಬಾಕಿ ಇದೆ. ಇದು ನಕಲಿ ಮಾಲೇ? ಇನ್ನೂ ಕಾಯಬೇಕೇ?
— ಗೃಹಿಣಿ, ಬ್ರಹ್ಮಪುರ, ಕಲಬುರಗಿ

ಕಾಯಬೇಡಿ. ಹತ್ತು ದಿನಕ್ಕೆ ಗಟ್ಟಿಯಾಗದ್ದು ಹತ್ತು ತಿಂಗಳಿಗೂ ಆಗುವುದಿಲ್ಲ. ನಕಲಿಯೇ ಇರಬೇಕು ಅಂತಲೂ ಇಲ್ಲ. ಅಸಲಿ ಮಾಲೇ ಅವಧಿಗೆ ಮೊದಲು ಸತ್ತಿರಬಹುದು.

ಸಿಲಿಕೋನ್ ಬಣ್ಣದ ಹಾಗೆ 'ಒಣಗುವ' ವಸ್ತುವಲ್ಲ. ಅದರಲ್ಲಿ ಆರಿ ಹೋಗುವ ನೀರೇ ಇಲ್ಲ. ಅದು ಉಲ್ಟಾ, ಗಾಳಿಯಲ್ಲಿನ ತೇವ ಕುಡಿದು ಗಟ್ಟಿಯಾಗುತ್ತದೆ. ನಮ್ಮ ಕಡಕ್ ರೊಟ್ಟಿಗೆ ತೇವ ತಗುಲಿದರೆ ಮೆತ್ತಗಾಗುತ್ತದೆ, ಇದಕ್ಕೆ ತಗುಲಿದರೆ ಗಟ್ಟಿ. ಮೊದಲು ಮೇಲೊಂದು ಕೆನೆ ಕಟ್ಟುತ್ತದೆ. ಆಮೇಲೆ ಹೊರಗಿನಿಂದ ಒಳಕ್ಕೆ ದಿನಕ್ಕೆ ಸುಮಾರು 2ರಿಂದ 3 ಮಿಲಿಮೀಟರ್ ದಪ್ಪದಷ್ಟು ಗಟ್ಟಿಯಾಗುತ್ತ ಹೋಗುತ್ತದೆ. ಈ ಕೆಲಸ ಮಾಡಿಸುವ ಒಂದು ರಾಸಾಯನಿಕವನ್ನು ಕಂಪನಿಯವರು ಟ್ಯೂಬಿಗೆ ತುಂಬುವಾಗಲೇ ಸೇರಿಸಿರುತ್ತಾರೆ. ಹೆಪ್ಪು ಅಂದುಕೊಳ್ಳಿ.

ಈಗ ತೊಂದರೆ ಎಲ್ಲಿ ಅಂದರೆ, ಆ ಟ್ಯೂಬು ಪ್ಲಾಸ್ಟಿಕ್ಕಿನದು. ನೀರು ಸೋರದಿದ್ದರೂ ನೀರಾವಿ ಪ್ಲಾಸ್ಟಿಕ್ಕಿನ ಮೂಲಕ ತಿಂಗಳುಗಟ್ಟಲೆ ಚೂರು ಚೂರೇ ಒಳಗೆ ಹೋಗುತ್ತಲೇ ಇರುತ್ತದೆ. ಹೋದ ಹಾಗೆಲ್ಲ ಹೆಪ್ಪು ಖರ್ಚಾಗುತ್ತದೆ. ಅದಕ್ಕೇ ಕಂಪನಿಯವರು ಸ್ವಲ್ಪ ಜಾಸ್ತಿ ಹೆಪ್ಪು ಹಾಕಿ, ಇಷ್ಟು ತಿಂಗಳು ತಡೆಯುತ್ತದೆ ಅಂತ ಲೆಕ್ಕ ಹಾಕಿ ತಾರೀಖು ಬರೆಯುತ್ತಾರೆ. ಸಾಮಾನ್ಯವಾಗಿ 12 ತಿಂಗಳು, ಕೆಲವಕ್ಕೆ 18 ಅಥವಾ 24. ಹೆಪ್ಪು ಪೂರ್ತಿ ತೀರಿದ ಮೇಲೆ ಟ್ಯೂಬಿನಿಂದ ಹಿಂಡಿದ್ದು ನೋಡಲು ಹೊಸದರ ಹಾಗೇ ಇರುತ್ತದೆ, ಆದರೆ ಅಂಟಂಟಾಗಿಯೇ ಉಳಿಯುತ್ತದೆ. ನಿಮ್ಮ ಸಿಂಕಿಗೆ ಆಗಿರುವುದು ಇದೇ.

ಹಾಗಾದರೆ ತಾರೀಖು ಬಾಕಿ ಇತ್ತಲ್ಲ ಅಂತೀರಿ. ಅದೇ ತಾರೀಖಿನ ಹತ್ತಿರ ಇನ್ನೊಂದು ಸಾಲು ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಇರುತ್ತದೆ, ಕನ್ನಡಕ ಹಾಕಿಕೊಂಡು ನೋಡಿ. ತಂಪು, ಒಣ ಜಾಗದಲ್ಲಿ ಇಂತಿಷ್ಟು ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ಇಟ್ಟರೆ ಮಾತ್ರ ಈ ಅವಧಿ ಅಂತ. ಕೆಲವರು 25 ಬರೆಯುತ್ತಾರೆ, ಕೆಲವರು 30. ನಮ್ಮಲ್ಲಿ ಮೇ ತಿಂಗಳು 42, 43 ಅಂದರೆ ಯಾರೂ ತಲೆ ಎತ್ತಿ ನೋಡುವುದೂ ಇಲ್ಲ. ಬಿಸಿ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕೆಲಸಗಳ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಅಂತ ಒಂದು ಅಂದಾಜು ಲೆಕ್ಕ ಇದೆ. 25 ಡಿಗ್ರಿಯಲ್ಲಿ ವರ್ಷ ಬಾಳುವ ಮಾಲು 45ರಲ್ಲಿ ಎಷ್ಟು ದಿನ ಬಾಳಬೇಕು, ನೀವೇ ಲೆಕ್ಕ ಹಾಕಿ.

ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ, ತಪ್ಪು ಮಾಡಿ ಕಲಿತಿದ್ದು. 2012ರಲ್ಲಿ ಸ್ವಲ್ಪ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಎರಡು ಡಬ್ಬಿ, ಅಂದರೆ 48 ಟ್ಯೂಬು ಒಟ್ಟಿಗೇ ತರಿಸಿದೆ. ಅಂಗಡಿಯಲ್ಲಿ ಜಾಗ ಇರಲಿಲ್ಲ. ಹಿಂದಿನ ತಗಡಿನ ಶೆಡ್ಡಿನ ಅಟ್ಟದ ಮೇಲೆ ಹಾಕಿಸಿದೆ. ಮಾರ್ಚ್, ಏಪ್ರಿಲ್, ಮೇ ಅಲ್ಲೇ ಇದ್ದವು. ಜೂನ್‌ನಲ್ಲಿ ಮಳೆ ಶುರುವಾಗುವ ಮುಂಚೆ ಎಲ್ಲರೂ ಕಿಟಕಿ ಸಂದಿ ಮುಚ್ಚಿಸುತ್ತಾರಲ್ಲ, ಆಗ ಚೆನ್ನಾಗಿ ವ್ಯಾಪಾರವಾಯಿತು. ತಾರೀಖು ಇನ್ನೂ ಆರು ತಿಂಗಳು ಇತ್ತು, ನನಗೇನು ಅನುಮಾನ?

ಎರಡು ವಾರ ಆದಮೇಲೆ ಒಬ್ಬ ಅಜ್ಜಿ ಅಂಗಡಿಗೆ ಬಂದರು. ಜಗಳ ಮಾಡಲಿಲ್ಲ. "ಬಾಯಿ, ನಮ್ಮ ಮನಿಗೆ ಬಂದು ಒಂದ್ಸಲ ನೋಡಿ ಹೋಗು" ಅಂದರು, ಅಷ್ಟೇ. ಹೋದೆ. ಮೂರು ಕಿಟಕಿಗೂ ನಮ್ಮದೇ ಟ್ಯೂಬು. ಹೆಬ್ಬೆರಳು ಇಟ್ಟೆ. ಹದ ತಪ್ಪಿದ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಬೆರಳಿನ ಜೊತೆ ಬಂತು. ಅದರ ಮೇಲೆ ಧೂಳು ಕೂತು ಕರ್ರಗಾಗಿತ್ತು, ಎರಡು ನೊಣ ಅಂಟಿಕೊಂಡು ಸತ್ತಿದ್ದವು. ಕೆಳಗೆ ಗೋಡೆ ಮೇಲೆ ಮಳೆ ನೀರಿನ ಕಂದು ಗೆರೆ. ಅಂದು ಸಂಜೆಯ ತನಕ ಬ್ಲೇಡು ಹಿಡಿದು ಮೂರೂ ಕಿಟಕಿ ಕೆರೆದೆವು, ನಾನು ಮತ್ತು ಅಂಗಡಿ ಹುಡುಗ. ಮರುವರ್ಷ ಮೇ ತಿಂಗಳಲ್ಲಿ ಅದೇ ಅಟ್ಟದ ಮೇಲೆ ಥರ್ಮಾಮೀಟರ್ ಕಟ್ಟಿ ನೋಡಿದೆ. ಮಧ್ಯಾಹ್ನ ಎರಡೂವರೆಗೆ 52 ತೋರಿಸಿತು.

ಅದಕ್ಕೇ ನಾನು ಈಗ ಹೇಳುವುದು: ಟ್ಯೂಬು ಯಾವಾಗ ಹುಟ್ಟಿತು ಅಂತ ನೋಡಿ, ಆದರೆ ಬೇಸಿಗೆ ಎಲ್ಲಿ ಕಳೆಯಿತು ಅಂತಲೂ ಕೇಳಿ. ಅಂಗಡಿಯ ಮುಂದೆ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ್ದನ್ನು ತಗೊಳ್ಳಬೇಡಿ. ಆಗಸ್ಟ್ ನಂತರ ತಯಾರಾದ, ಅಂದರೆ ಇನ್ನೂ ಒಂದು ಬೇಸಿಗೆಯನ್ನೂ ಕಾಣದ ಮಾಲು ಸಿಕ್ಕರೆ ಬಿಡಬೇಡಿ.

ಇನ್ನು ನಿಮ್ಮ ಸಿಂಕು. ಮೇಲೆ ಹೊಸ ಟ್ಯೂಬು ಹಚ್ಚಿ ಮುಚ್ಚುವ ಯೋಚನೆ ಬೇಡ, ಕೆಳಗಿನದು ಅಂಟಾಗಿದ್ದರೆ ಮೇಲಿನದು ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಉಳಿದದ್ದನ್ನು ಟರ್ಪೆಂಟೈನ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ. ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಹೊಸದು ಹಚ್ಚಿದ ಮೇಲೆ ಒಂದು ಬಕೆಟ್ ನೀರು ಅಲ್ಲೇ ಇಡಿ. ನಮ್ಮ ಏಪ್ರಿಲ್ ಗಾಳಿ ಎಷ್ಟು ಒಣ ಅಂದರೆ ಒಳ್ಳೆಯ ಸಿಲಿಕೋನಿಗೂ ಕುಡಿಯಲು ತೇವ ಸಿಗದೆ ನಿಧಾನವಾಗುತ್ತದೆ. ಜುಲೈನಲ್ಲಿ ಈ ತಾಪತ್ರಯ ಇಲ್ಲ.

ಬಿಲ್ಲು ಇದ್ದರೆ ಅಂಗಡಿಗೆ ಹೋಗಿ ಬದಲಿ ಕೇಳಿ. ಪ್ಯಾಕ್ ಮಾಡಿದ ಮಾಲಿನ ಮೇಲೆ ತಯಾರಾದ ತಿಂಗಳು, ವರ್ಷ ಹಾಕಲೇಬೇಕು ಅಂತ 2011ರ ಲೀಗಲ್ ಮೆಟ್ರಾಲಜಿ ಪ್ಯಾಕೇಜ್ಡ್ ಕಮೋಡಿಟೀಸ್ ನಿಯಮಗಳು ಹೇಳುತ್ತವೆ. ಅದು ಅಳಿಸಿದ್ದರೆ, ಅದರ ಮೇಲೆ ಬೇರೆ ಚೀಟಿ ಅಂಟಿಸಿದ್ದರೆ ಮುಟ್ಟಬೇಡಿ. ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಂಗಡಿಯವಳಾಗಿ ನಾನೇ ಇದನ್ನು ಹೇಳುತ್ತಿದ್ದೇನೆ, ನೆನಪಿರಲಿ.

ಅವಧಿ ಮುಗಿದು ಎರಡು ತಿಂಗಳಾದ ಸಿಲಿಕೋನ್ ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುತ್ತಿದ್ದಾರೆ. ನಾನು ಸಣ್ಣ ಗುತ್ತಿಗೆದಾರ. 20 ಟ್ಯೂಬು ತಗೊಂಡರೆ ನಷ್ಟವೇ?
— ಸೇಡಂ

ತಾರೀಖು ಮುಗಿದ ಮಾರನೆಯ ದಿನವೇ ಅದು ಸಾಯುವುದಿಲ್ಲ, ಅದು ನಿಜ. ತಂಪಲ್ಲಿ ಇದ್ದದ್ದು ಇನ್ನೂ ಚೆನ್ನಾಗಿರಬಹುದು. ಆದರೆ ಅದು ಗೊತ್ತಾಗುವುದು ಹಚ್ಚಿ ನೋಡಿದಾಗಲೇ. ಅದಕ್ಕೇ ಒಂದು ಟ್ಯೂಬು ತಗೊಳ್ಳಿ. ಟ್ಯೂಬು ಹಿಂಡುವ ಗನ್ನಿಗೆ ಹಾಕಿ ಒತ್ತಿ. ಕೈಗೆ ಬಲ ಜಾಸ್ತಿ ಬೇಕಾದರೆ, ಇಲ್ಲವೇ ಒಳಗಿನಿಂದ ಗಂಟು ಗಂಟಾಗಿ ಬಂದರೆ ಅಲ್ಲಿಗೇ ಬಿಡಿ. ನಯವಾಗಿ ಬಂದರೆ ಒಂದು ಗಾಜಿನ ತುಂಡಿನ ಮೇಲೆ ಬೆರಳಿನಷ್ಟು ಉದ್ದ ಎಳೆಯಿರಿ. ಒಂದು ತಾಸಿನ ಒಳಗೆ ಮೇಲೆ ಕೆನೆ ಕಟ್ಟಬೇಕು. ಮಾರನೆಯ ದಿನ ಉಗುರಿನಿಂದ ಅಂಚು ಎತ್ತಿ ನೋಡಿ. ರಬ್ಬರಿನ ಹಾಗೆ ಎಳೆದುಕೊಂಡು ಗಾಜನ್ನು ಬಿಡದಿದ್ದರೆ ಸರಿ. ಇಡೀ ಪಟ್ಟಿ ಹಲ್ಲಿಯ ಬಾಲದ ಹಾಗೆ ಕಳಚಿ ಬಂದರೆ, ಗಟ್ಟಿಯಾಗಿದ್ದರೂ ಪ್ರಯೋಜನ ಇಲ್ಲ, ಹಿಡಿತ ಹೋಗಿದೆ.

ಆದರೆ ಒಂದು ಟ್ಯೂಬು ಪಾಸಾದರೆ ಉಳಿದ 19 ಪಾಸು ಅಂತಲ್ಲ. ಡಬ್ಬಿಯ ಬಿಸಿಲು ಬೀಳುವ ಕಡೆ ಇದ್ದದ್ದು ಬೇರೆ, ಒಳಗಿದ್ದದ್ದು ಬೇರೆ. ಗಿರಾಕಿ ಮನೆಗೆ ಎರಡನೇ ಸಲ ಹೋಗಿ ಕೆರೆಯುವ ಕೂಲಿ ಲೆಕ್ಕ ಹಾಕಿದರೆ ಅರ್ಧ ಬೆಲೆ ದುಬಾರಿಯೇ. ನನ್ನ ಕೇಳಿದರೆ ಬೇಡ.

ಮನೆ ನೆಲ ಪೂರ್ತಿ ಶಹಾಬಾದ್ ಫರ್ಸಿ ಕಲ್ಲು. ಗೋಡೆ ಬುಡದ ಸಂದಿಗೆ ಸಿಲಿಕೋನ್ ತುಂಬಿಸಿದೆವು. ಟ್ಯೂಬು ಹೊಸದು, ಗಟ್ಟಿಯೂ ಆಯಿತು. ಆದರೆ ಅಂಚಿನುದ್ದಕ್ಕೂ ಫರ್ಸಿ ಬೆಳ್ಳಗಾಗಿದೆ. ಒರೆಸಿದರೂ ಹೋಗುವುದಿಲ್ಲ.
— ಚಿತ್ತಾಪುರ

ಹಚ್ಚುವಾಗ ಮೂಗಿಗೆ ಹುಳಿ ವಾಸನೆ ಹೊಡೆಯಿತಾ? ಚೀನೀ ತಿಂಡಿ ಗಾಡಿಯ ವಿನೆಗರ್ ಹಾಗೆ? ಹೊಡೆದಿರಲೇಬೇಕು.

ಅಗ್ಗದ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ವಿನೆಗರ್‌ನಲ್ಲಿ ಇರುವುದೂ ಅದೇ. ಗಾಜಿಗೆ, ಹೊಳಪಿನ ಟೈಲ್ಸಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ನಮ್ಮ ಫರ್ಸಿ ಸುಣ್ಣದ ಕಲ್ಲು. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದಿದ್ದೂ ಇದೇ ಸುಣ್ಣದ ಕಲ್ಲಿಗಾಗಿ ಅಲ್ವಾ? ಸುಣ್ಣದ ಕಲ್ಲಿಗೆ ಹುಳಿ ಬಿದ್ದರೆ ತಿನ್ನುತ್ತದೆ. ಅನುಮಾನ ಇದ್ದರೆ ಅಂಗಳದಲ್ಲಿ ಬಿದ್ದಿರುವ ಒಂದು ಒಡೆದ ಫರ್ಸಿ ಚೂರಿನ ಮೇಲೆ ನಿಂಬೆ ಹಿಂಡಿ ಹತ್ತಿರದಿಂದ ನೋಡಿ, ಸಣ್ಣ ಗುಳ್ಳೆ ಏಳುತ್ತವೆ. ಒರೆಸಿದ ಮೇಲೆ ಅಲ್ಲಿ ಹೊಳಪು ಸತ್ತ ಕಲೆ ಉಳಿಯುತ್ತದೆ. ನಿಮ್ಮ ಅಂಚಿನ ಬಿಳುಪು ಅದೇ. ಅದು ಕೊಳೆಯಲ್ಲ, ಕಲ್ಲೇ ಸವೆದಿದೆ. ಒರೆಸಿ ತೆಗೆಯಲು ಆಗದು, ಪಾಲಿಶ್ ಮಾಡುವವರಿಂದ ಆ ಅಂಚನ್ನು ಮತ್ತೆ ಉಜ್ಜಿಸಬೇಕು.

ಮುಂದಿನ ಸಲ ಟ್ಯೂಬಿನ ಮೇಲೆ 'ನ್ಯೂಟ್ರಲ್' ಅಂತ ಬರೆದದ್ದನ್ನು ಕೇಳಿ. ಬೆಲೆ ಜಾಸ್ತಿ, ಆದರೆ ಹುಳಿ ಬಿಡುವುದಿಲ್ಲ. ಮಾರ್ಬಲ್, ಸಿಮೆಂಟ್ ಗೋಡೆ, ಕನ್ನಡಿಯ ಬೆನ್ನು, ಇವಕ್ಕೆಲ್ಲ ಅದೇ. ಕನ್ನಡಿ ಹಿಂದೆ ಹುಳಿ ಸಿಲಿಕೋನ್ ಹಚ್ಚಿ ಅಂಟಿಸಿದರೆ ಕೆಲವು ತಿಂಗಳಲ್ಲಿ ಮುಖದ ಮೇಲೆ ಕಪ್ಪು ಮಚ್ಚೆ ಬಂದ ಹಾಗೆ ಕನ್ನಡಿಯಲ್ಲಿ ಮಚ್ಚೆ ಕಾಣುತ್ತದೆ.

ಮಗಳ ಮದುವೆಗೆ ಬಂದ ಬಿದ್ರಿ ಹೂದಾನಿಗೆ ಗಾಜಿನ ಪೆಟ್ಟಿಗೆ ಮಾಡಿಸುತ್ತಿದ್ದೇನೆ. ಮನೆಯಲ್ಲಿ ಎರಡು ವರ್ಷದ ಹಿಂದೆ ತಂದ ಬಿಡಿಸದ ಸಿಲಿಕೋನ್ ಟ್ಯೂಬು ಇದೆ. ಅದರಲ್ಲೇ ಗಾಜು ಅಂಟಿಸಬಹುದೇ?
— ಬೀದರ್

ಟ್ಯೂಬು ಹಳೆಯದು ಅನ್ನುವುದು ಇಲ್ಲಿ ಚಿಕ್ಕ ತೊಂದರೆ. ಬೀದರ್ ನಮಗಿಂತ ಎತ್ತರ, ಸ್ವಲ್ಪ ತಂಪು, ನಿಮ್ಮ ಟ್ಯೂಬು ಇನ್ನೂ ಬದುಕಿದ್ದರೂ ಇರಬಹುದು. ದೊಡ್ಡ ತೊಂದರೆ ಮೇಲೆ ಹೇಳಿದ ಹುಳಿಯೇ.

ಬಿದ್ರಿ ಅಂದರೆ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಅದರ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಕಪ್ಪು ಮಾಡುತ್ತಾರೆ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸತುವಿಗೂ ತಾಮ್ರಕ್ಕೂ ಅಸಿಟಿಕ್ ಆಸಿಡ್ಡಿನ ಹಬೆ ಆಗಿ ಬರುವುದಿಲ್ಲ. ತೆರೆದ ಕೋಣೆಯಲ್ಲಿ ಆ ಹಬೆ ಹಾರಿ ಹೋಗುತ್ತದೆ. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಹೋಗಲು ದಾರಿ ಎಲ್ಲಿ? ಹೂದಾನಿಯ ಮೇಲೇ ಕೂರುತ್ತದೆ.

ನ್ಯೂಟ್ರಲ್ ಸಿಲಿಕೋನ್ ಹೊಸ ಟ್ಯೂಬು ತನ್ನಿ. ಪೆಟ್ಟಿಗೆ ಮಾಡಿಸಿ ಬಾಗಿಲು ತೆರೆದು ಎರಡು ವಾರ ಖಾಲಿ ಇಡಿ. ಮೂಗು ಒಳಗೆ ಹಾಕಿದರೆ ಯಾವ ವಾಸನೆಯೂ ಬರಬಾರದು. ಆಮೇಲೆ ಹೂದಾನಿ ಇಡಿ. ಮದುವೆ ಉಡುಗೊರೆ, ಟ್ಯೂಬಿನ ಬೆಲೆ ನೋಡಬೇಡಿ.

ಮಾಳಿಗೆ ಮೇಲಿನ ಪ್ಲಾಸ್ಟಿಕ್ ನೀರಿನ ಟ್ಯಾಂಕು ಸೀಳಿದೆ. ಮೂರು ಸಲ ಸಿಲಿಕೋನ್ ಹಚ್ಚಿದೆ, ಮೂರು ಸಲವೂ ಸಿಪ್ಪೆಯಂತೆ ಎದ್ದು ಬಂತು. ಮೂರೂ ಹಳೆ ಮಾಲೇ ಕೊಟ್ಟರೇ?
— ಸುರಪುರ, ಯಾದಗಿರಿ ಜಿಲ್ಲೆ

ಪಾಪ, ಅಂಗಡಿಯವರನ್ನು ಬೈಯಬೇಡಿ. ನಿಮ್ಮ ಟ್ಯಾಂಕು ಪಾಲಿಥೀನ್. ಅದಕ್ಕೆ ಸಿಲಿಕೋನ್ ಅಂಟುವುದೇ ಇಲ್ಲ, ನಿನ್ನೆ ತಯಾರಾದದ್ದಾದರೂ ಸರಿ. ಆ ಟ್ಯೂಬಿನ ಮೂತಿಯನ್ನೇ ನೋಡಿ, ಅದೂ ಅದೇ ಜಾತಿಯ ಪ್ಲಾಸ್ಟಿಕ್. ಒಳಗೆ ಗಟ್ಟಿಯಾದ ಸಿಲಿಕೋನನ್ನು ಮೊಳೆಯಿಂದ ಎಳೆದರೆ ಹುಳುವಿನ ಹಾಗೆ ಪೂರ್ತಿ ಆಚೆ ಬರುತ್ತದಲ್ಲ. ಟ್ಯಾಂಕು ಖಾಲಿ ಮಾಡಿಸಿ, ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರನ್ನು ಕರೆಸಿ. ಅದೇ ಬಗೆಯ ಪ್ಲಾಸ್ಟಿಕ್ ಪಟ್ಟಿಯನ್ನು ಬಿಸಿಯಲ್ಲಿ ಕರಗಿಸಿ ಕೂಡಿಸುತ್ತಾರೆ. ಬಿಸಿಲಿಗೆ ಟ್ಯಾಂಕೇ ಪುಡಿಪುಡಿಯಾಗುತ್ತಿದ್ದರೆ ಅದೂ ಸುಮ್ನೆ ಖರ್ಚು.

ನಮ್ಮದು ಎರೆ ಭೂಮಿ. ಗೋಡೆಯ ಬಿರುಕಿಗೆ ಪ್ರತಿವರ್ಷ ಬಣ್ಣದವರು ಅಕ್ರಿಲಿಕ್ ಫಿಲ್ಲರ್ ತುಂಬುತ್ತಾರೆ, ಪ್ರತಿವರ್ಷ ಮತ್ತೆ ಬಿಡುತ್ತದೆ. ಹೇಗೂ ವರ್ಷ ವರ್ಷವೂ ಬೇಕಲ್ಲ ಅಂತ ಒಂದು ಡಬ್ಬಿ ತಂದಿಟ್ಟರೆ ಎಷ್ಟು ದಿನ ಬಾಳುತ್ತದೆ?
— ಆಳಂದ

ಬಿಡಿಸದ ಅಕ್ರಿಲಿಕ್ ಟ್ಯೂಬು ನೆರಳಿನಲ್ಲಿ ವರ್ಷ, ಹೆಚ್ಚೆಂದರೆ ಎರಡು ವರ್ಷ ಬಾಳುತ್ತದೆ. ಅದರ ಕಥೆ ಸಿಲಿಕೋನಿಗೆ ಉಲ್ಟಾ. ಅದರಲ್ಲಿ ನೀರಿದೆ, ನೀರು ಆರಿದರೆ ಗಟ್ಟಿ. ಬಿಸಿಗೆ ಟ್ಯೂಬಿನಲ್ಲೇ ಆರಿ ಹಿಟ್ಟಿನ ಮುದ್ದೆಯಾಗುತ್ತದೆ. ನೀರು ಹಾಕಿ ಕಲಸಿ ಬಳಸುವವರನ್ನು ನೋಡಿದ್ದೇನೆ, ಗೋಡೆ ಮೇಲೆ ಅದು ತಿಂಗಳೂ ನಿಲ್ಲುವುದಿಲ್ಲ.

ಆದರೆ ಡಬ್ಬಿ ತರುವ ಮುಂಚೆ ಬಿರುಕಿನ ಮಾತು ಕೇಳಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹೊಲದಲ್ಲಿ ಏಪ್ರಿಲ್‌ನಲ್ಲಿ ಕೋಲು ಇಳಿಯುವಷ್ಟು ಸೀಳು ಬೀಳುವುದನ್ನು ನೋಡಿಯೇ ಬೆಳೆದಿದ್ದೀರಿ. ಮನೆಯ ಪಾಯವೂ ಅದರ ಜೊತೆ ಏಳುತ್ತ ಇಳಿಯುತ್ತ ಇರುತ್ತದೆ. ಬಿರುಕು ಉಸಿರಾಡುತ್ತಿದೆ ಅನ್ನಿ. ಅಕ್ರಿಲಿಕ್ ಅಷ್ಟು ಹಿಗ್ಗುವುದಿಲ್ಲ. ತನ್ನ ಅಗಲದ ನೂರಕ್ಕೆ ಹತ್ತರ ಸುಮಾರು ಸರಿದಾಡಿದರೆ ಅದರ ಕೈ ಮುಗಿಯುತ್ತದೆ. ಒಳ್ಳೆಯ ಪಾಲಿಯುರೆಥೇನ್ ಸೀಲೆಂಟ್ ನೂರಕ್ಕೆ 25ರವರೆಗೆ ತಡೆಯುತ್ತದೆ, ಮೇಲೆ ಬಣ್ಣವೂ ಹಿಡಿಯುತ್ತದೆ. ಸಿಲಿಕೋನ್ ಕೂಡ ಹಿಗ್ಗುತ್ತದೆ, ಆದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಇನ್ನೊಂದು, ನಿಮ್ಮವರು ತುಂಬುವುದು ಯಾವ ತಿಂಗಳು? ಯುಗಾದಿಗೆ ಬಣ್ಣ ಹೊಡೆಸುವಾಗ ಇರಬೇಕು. ಆಗ ಬಿರುಕು ಅಗಲವಾಗಿರುತ್ತದೆ. ಮಳೆಗಾಲಕ್ಕೆ ಗೋಡೆ ಮುಚ್ಚಿಕೊಂಡಾಗ ತುಂಬಿದ್ದನ್ನು ಹಿಂಡಿ ಆಚೆ ತಳ್ಳುತ್ತದೆ. ಮಳೆಗಾಲದ ನಡುವೆ ತುಂಬಿದರೆ ಬೇಸಿಗೆಗೆ ಹರಿಯುತ್ತದೆ. ಬಿರುಕು ತೀರಾ ಅಗಲವೂ ಅಲ್ಲದ, ತೀರಾ ಮುಚ್ಚಿಯೂ ಇಲ್ಲದ ಹೊತ್ತು ದೀಪಾವಳಿ ದಾಟಿದ ಮೇಲೆ ಬರುತ್ತದೆ. ಆಗ ಬಿರುಕನ್ನು ಬೆರಳು ಅಗಲಕ್ಕೆ ಬಿಡಿಸಿ, ಒಳಗೆ ಫೋಮಿನ ಹಗ್ಗ ತುರುಕಿ, ಅದರ ಮೇಲೆ ಅಗಲದ ಅರ್ಧದಷ್ಟೇ ಆಳಕ್ಕೆ ಸೀಲೆಂಟ್ ತುಂಬಬೇಕು. ಹಗ್ಗ ಯಾಕೆ ಅಂದರೆ, ಸೀಲೆಂಟ್ ಎರಡು ಪಕ್ಕಕ್ಕೆ ಮಾತ್ರ ಅಂಟಿದರೆ ರಬ್ಬರ್ ಬ್ಯಾಂಡಿನಂತೆ ಹಿಗ್ಗುತ್ತದೆ. ಹಿಂಬದಿಗೂ ಅಂಟಿತು ಅಂದರೆ ಹಿಗ್ಗಲಾರದೆ ಹರಿಯುತ್ತದೆ.

ಪಾಲಿಯುರೆಥೇನ್ ಮಾತ್ರ ಸ್ಟಾಕ್ ಮಾಡಬೇಡಿ. ಅದರ ಆಯಸ್ಸು ಎಲ್ಲಕ್ಕಿಂತ ಕಡಿಮೆ, ಬಹಳಷ್ಟಕ್ಕೆ 9ರಿಂದ 12 ತಿಂಗಳು. ಒಮ್ಮೆ ಬಿಡಿಸಿದರೆ ಆ ದಿನವೇ ಮುಗಿಸಿ. ಮತ್ತೆ, ಬಿರುಕು ಕೈಬೆರಳು ಹೋಗುವಷ್ಟು ಇದ್ದರೆ, ಬಾಗಿಲು ಕೂರದೆ ಇದ್ದರೆ ಇದು ಟ್ಯೂಬಿನ ಕೆಲಸವೇ ಅಲ್ಲ. ಎಂಜಿನಿಯರ್ ಕರೆದು ಪಾಯ ತೋರಿಸಿ.

ಮನೆಯಲ್ಲಿ ಎಂ-ಸೀಲ್, ಟೆಫ್ಲಾನ್ ಟೇಪು, ಪಿವಿಸಿ ಸಲ್ಯೂಷನ್, ಬಿಳಿ ಸಿಮೆಂಟ್, ಫೋಮ್ ಸ್ಪ್ರೇ ಡಬ್ಬಿ ಎಲ್ಲ ಒಂದೇ ಪೆಟ್ಟಿಗೆಯಲ್ಲಿವೆ. ಯಾವುದನ್ನು ಎಸೆಯಲಿ?
— ಹುಮನಾಬಾದ್

ಟೇಪು ಇಟ್ಟುಕೊಳ್ಳಿ, ಅದಕ್ಕೆ ವಯಸ್ಸೇ ಇಲ್ಲ. ಎಂ-ಸೀಲ್ ಅನ್ನುವ ಎಪಾಕ್ಸಿಯ ಎರಡು ಉಂಡೆ ಬೇರೆ ಬೇರೆ ಸುತ್ತಿಟ್ಟಿದ್ದರೆ ವರ್ಷಗಟ್ಟಲೆ ತಡೆಯುತ್ತವೆ. ಹಿಸುಕಿದಾಗ ಚಪಾತಿ ಹಿಟ್ಟಿನಂತೆ ಮೆತ್ತಗಿದ್ದು, ಕಲಸಿದಾಗ ಒಂದೇ ಬಣ್ಣ ಬಂದರೆ ಬಳಸಿ. ಪುಡಿ ಉದುರಿದರೆ ಬೇಡ. ಪಿವಿಸಿ ಸಲ್ಯೂಷನ್ ಡಬ್ಬಿ ಅಲ್ಲಾಡಿಸಿ ನೋಡಿ. ಜೇನಿನಂತೆ ಹರಿಯಬೇಕು. ಜೆಲ್ಲಿಯಂತೆ ನಡುಗಿದರೆ ಮುಗಿಯಿತು, ಥಿನ್ನರ್ ಹಾಕಿ ತೆಳ್ಳಗೆ ಮಾಡುವ ಬುದ್ಧಿವಂತಿಕೆ ಬೇಡ, ಪೈಪಿನ ಜೋಡಣೆ ಗೋಡೆಯ ಒಳಗೆ ಬಿಟ್ಟುಕೊಳ್ಳುತ್ತದೆ. ಬಿಳಿ ಸಿಮೆಂಟ್ ಚೀಲ ಬಿಚ್ಚಿದ್ದರೆ ಬೆರಳಲ್ಲಿ ಉಜ್ಜಿ. ಒಡೆಯದ ಗಂಟು ಇದ್ದರೆ ತೇವ ಕುಡಿದಿದೆ. ಸಾಮಾನ್ಯ ಸಿಮೆಂಟನ್ನೇ ಮೂರು ತಿಂಗಳು ದಾಟಿದರೆ ಪರೀಕ್ಷೆ ಮಾಡದೆ ಬಳಸಬಾರದು ಅನ್ನುತ್ತಾರೆ.

ಫೋಮ್ ಡಬ್ಬಿಯನ್ನು ಮಾತ್ರ ಇವತ್ತೇ ಆ ಪೆಟ್ಟಿಗೆಯಿಂದ ತೆಗೆಯಿರಿ. ಅದರಲ್ಲಿ ಗ್ಯಾಸ್ ಒತ್ತಿ ತುಂಬಿರುತ್ತದೆ. 50 ಡಿಗ್ರಿ ದಾಟುವ ಜಾಗದಲ್ಲಿ ಇಡಬಾರದು ಅಂತ ಡಬ್ಬಿಯ ಮೇಲೇ ಇರುತ್ತದೆ. ನನ್ನ ಅಟ್ಟದ ಥರ್ಮಾಮೀಟರ್ ನೆನಪಿಸಿಕೊಳ್ಳಿ. ಕಾರಿನ ಡಿಕ್ಕಿಯೂ ಬೇಡ. ಮನೆಯ ಒಳಗೆ, ನೆರಳಲ್ಲಿ, ನೆಟ್ಟಗೆ ನಿಲ್ಲಿಸಿ. ಮಲಗಿಸಿಟ್ಟರೆ ಬಾಯಿ ಕಟ್ಟಿಕೊಳ್ಳುತ್ತದೆ.

ನಾಲ್ಕು ವರ್ಷದ ಹಿಂದೆ ಬಚ್ಚಲಿಗೆ ಹಚ್ಚಿದ ಸಿಲಿಕೋನಿನ ಖಾಲಿ ಟ್ಯೂಬು ಸಿಕ್ಕಿತು. ಅವಧಿ 18 ತಿಂಗಳು ಎಂದಿದೆ. ಈಗ ಎಲ್ಲ ಕಿತ್ತು ಹೊಸದು ಹಾಕಿಸಬೇಕೇ?
— ಯಾದಗಿರಿ

ಅಯ್ಯೋ, ಬೇಡ. ಅದು ಟ್ಯೂಬಿನ ಒಳಗೆ ಇರುವಷ್ಟು ದಿನದ ಲೆಕ್ಕ. ಸರಿಯಾಗಿ ಗಟ್ಟಿಯಾದ ಸಿಲಿಕೋನ್ ಹತ್ತು ವರ್ಷವೂ ಇರುತ್ತದೆ. ಅಂಚು ಎದ್ದಿದ್ದರೆ, ಬಿರಿದಿದ್ದರೆ, ಹಿಂದಿನಿಂದ ನೀರು ಇಳಿಯುತ್ತಿದ್ದರೆ ಮಾತ್ರ ಕೀಳಿಸಿ. ಕಪ್ಪು ಬೂಸ್ಟು ಮೇಲೆ ಮೇಲೆ ಇದ್ದರೆ ತೊಳೆದರೆ ಹೋಗುತ್ತದೆ, ಒಳಗೆ ಇಳಿದಿದ್ದರೆ ಹೋಗದು.

ನಮ್ಮ ತಾತನ ಕಾಲದ ಕಿಟಕಿ ಗಾಜುಗಳಿಗೆ ಮೆತ್ತಿದ ಪುಟ್ಟಿ 50 ವರ್ಷ ದಾಟಿದೆ. ಆಗ ಯಾವ ಅವಧಿಯೂ ಬರೆದಿರಲಿಲ್ಲ. ನಿಮ್ಮ ಟ್ಯೂಬುಗಳಿಗೆ ಮಾತ್ರ ಒಂದೇ ವರ್ಷವೇಕೆ?
— ನಿವೃತ್ತ ಶಿಕ್ಷಕರು, ಬಸವಕಲ್ಯಾಣ

ಸರ್, ಆ ಪುಟ್ಟಿ ಏನು ಗೊತ್ತಾ? ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆ. ರೊಟ್ಟಿ ಜೊತೆ ನಾವು ತಿನ್ನುವ ಅಗಸಿ ಹಿಂಡಿಯ ಅದೇ ಅಗಸೆ. ನಮ್ಮಪ್ಪ ಅಂಗಡಿ ಕಲ್ಲಿನ ಮೇಲೆ ಅದನ್ನು ಕಲಸುವಾಗ ಅಂಗೈ ಬುಡದಿಂದ ಒತ್ತಿ ಒತ್ತಿ ನಾದುತ್ತಿದ್ದರು, ರೊಟ್ಟಿ ಹಿಟ್ಟಿನಂತೆಯೇ. ಬಿರಿಯದೆ ಉಂಡೆಯಾದರೆ ಹದ ಬಂತು. ಶಾಲೆಯಿಂದ ಬಂದ ನನ್ನ ಕೈಗೂ ಒಂದು ಉಂಡೆ ಕೊಡುತ್ತಿದ್ದರು. ಎರಡು ದಿನ ಬೆರಳಲ್ಲಿ ಆ ವಾಸನೆ ಇರುತ್ತಿತ್ತು.

ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ತಗೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ, ವಾರಗಟ್ಟಲೆ. ಡಬ್ಬಿ ಮುಚ್ಚಿ ಗಾಳಿ ತಪ್ಪಿಸಿದರೆ ಸಾಕು, ಬೇರೆ ಶತ್ರು ಇಲ್ಲ. ಮೇಲೆ ಸ್ವಲ್ಪ ಎಣ್ಣೆ ಸುರಿದಿಟ್ಟರೆ ಕೆನೆಯೂ ಕಟ್ಟದು. ಕಟ್ಟಿದರೆ ಕಿತ್ತು ಬಿಸಾಕಿ ಕೆಳಗಿನದನ್ನು ಮತ್ತೆ ನಾದಿ ಬಳಸಬಹುದು. ಟ್ಯೂಬಿನ ಸಿಲಿಕೋನಿಗೆ ಆ ಅನುಕೂಲ ಇಲ್ಲ. ಅದರ ಬದಲಿಗೆ ಅದು ಹಿಗ್ಗುತ್ತದೆ, ಪುಟ್ಟಿ ಹಿಗ್ಗದು. ತಾತನ ಕಿಟಕಿಯ ಮರದ ಚೌಕಟ್ಟಿಗೆ ಹಿಗ್ಗುವ ಅಗತ್ಯ ಅಷ್ಟಿರಲಿಲ್ಲ. ಈಗಿನ ಅಲ್ಯುಮಿನಿಯಂ ಬಿಸಿಲಿಗೆ ದಿನಾ ಹಿಗ್ಗಿ ಕುಗ್ಗುತ್ತದೆ. ಅದಕ್ಕೆ ಪುಟ್ಟಿ ಮೆತ್ತಿದರೆ ಉದುರುತ್ತದೆ.

ನಿಮ್ಮ ಗಾಜು ಮತ್ತೆ ಕೂರಿಸುವುದಾದರೆ ಅಗಸೆ ಪುಟ್ಟಿಯನ್ನೇ ಮಾಡಿ, ನನಗೂ ಖುಷಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ಗುಡ್ಡೆಯಾಗಿ ಬಿದ್ದರೆ ತಾನೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಲ್ಲಿ ನೆನೆಸಿ.

ಅರ್ಧ ಉಳಿದ ಸಿಲಿಕೋನ್ ಟ್ಯೂಬನ್ನು ನಮ್ಮ ಮನೆಯವರು ಫ್ರಿಡ್ಜಿನಲ್ಲಿ ಉಪ್ಪಿನಕಾಯಿ ಪಕ್ಕ ಇಟ್ಟಿದ್ದಾರೆ. ತೆಗೆಯಲು ಬಿಡುತ್ತಿಲ್ಲ. ನೀವಾದರೂ ಹೇಳಿ.
— ಕಲಬುರಗಿ

ಅವರ ತಲೆ ಓಡಿದ್ದು ಸರಿ, ಜಾಗ ತಪ್ಪು. ಊಟದ ಜೊತೆ ಯಾವ ರಾಸಾಯನಿಕವೂ ಬೇಡ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಬಿಡಿಸಿದ ಟ್ಯೂಬಿಗೆ ಬಿಸಿಗಿಂತ ದೊಡ್ಡ ಶತ್ರು ಮೂತಿಯಿಂದ ಹೋಗುವ ತೇವ. ಮೂತಿಯ ತುದಿಗೆ ಒಂದು ಬೆರಳು ಉದ್ದದಷ್ಟು ಸಿಲಿಕೋನ್ ಆಚೆ ಬಂದಿರುವಂತೆ ಒತ್ತಿ ಬಿಡಿ, ಅದೇ ಗಟ್ಟಿಯಾಗಿ ಬಿರಡೆಯಾಗುತ್ತದೆ. ಅಥವಾ ಉದ್ದನೆಯ ಸ್ಕ್ರೂ ಮೊಳೆ ತಿರುಗಿಸಿ ಹಾಕಿ ಮೇಲೆ ಟೇಪು ಸುತ್ತಿ. ಗನ್ನಿನ ಒತ್ತಡ ಬಿಡಿಸಿ, ಇಲ್ಲದಿದ್ದರೆ ರಾತ್ರಿಯೆಲ್ಲ ತಾನೇ ಹಿಂಡಿಕೊಳ್ಳುತ್ತದೆ. ದೇವರ ಮನೆಯ ಕೆಳಗಿನ ಕಪಾಟು, ಮಂಚದ ಕೆಳಗಿನ ಫರ್ಸಿ, ಹೀಗೆ ಮನೆಯಲ್ಲಿ ತಂಪಾದ ಜಾಗ ಒಂದಾದರೂ ಇರುತ್ತದೆ. ಮುಂದೆ ಬಳಸುವಾಗ ಸ್ಕ್ರೂ ಹಿಡಿದು ಎಳೆದರೆ ಗಟ್ಟಿಯಾದ ತುಂಡು ಅದರ ಜೊತೆಗೇ ಬರುತ್ತದೆ. ಕೆಲವು ವಾರ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಗಾಜಿನ ಮೇಲೆ ಎಳೆದು ನೋಡಿ. ಸತ್ತಿದ್ದರೆ ಟ್ಯೂಬು ಎಸೆದು ಸ್ಕ್ರೂ ಮಾತ್ರ ಇಟ್ಟುಕೊಳ್ಳಿ.